ಡೀಬಗ್ ಮೆಸೇಜ್ ತೆಗೆದ ಕೂಡಲೇ 85 ಡಿಗ್ರಿ ಯಾಕೆ ಬಂತು?

ಈ ಸಲದ ವಿಷಯ ಚಿಕ್ಕದು, ಆದ್ರೆ ನನ್ನ ಎರಡು ರಾತ್ರಿ ನಿದ್ದೆ ಕೆಡಿಸಿದ್ದು. ಎಂಬೆಡೆಡ್ ಕೋಡ್‌ನಲ್ಲಿರೋ ಡೀಬಗ್ ಮೆಸೇಜ್‌ಗಳನ್ನ ಸಿ ಮ್ಯಾಕ್ರೋ ಬಳಸಿ ತೆಗೆಯೋದು ಹೇಗೆ, ತೆಗೆದಾಗ ಅವುಗಳ ಜೊತೆ ಇನ್ನೇನು ಹೋಗುತ್ತೆ ಅಂತ ನೋಡೋಣ.

ಪುಣೆಯಲ್ಲಿ ಕೆಲಸ ಮಾಡ್ತಿದ್ದಾಗ ಔಷಧಿ ಇಡೋ ಫ್ರಿಜ್‌ಗೆ ಒಂದು ಟೆಂಪರೇಚರ್ ಲಾಗರ್ ಮಾಡಿದ್ವಿ. ಒಳಗೆ 2ರಿಂದ 8 ಡಿಗ್ರಿ ಇರಬೇಕು, ಮೀರಿದ್ರೆ ಬಜರ್ ಕೂಗಬೇಕು. ಚಿಪ್ ಎಟಿಮೆಗಾ328ಪಿ, ಸೆನ್ಸರ್ ಡಿಎಸ್18ಬಿ20. ಬ್ಯಾಟರಿ ಉಳಿಸೋಕೆ ಪ್ರತಿ ರೀಡಿಂಗ್‌ಗೂ ಸೆನ್ಸರ್‌ಗೆ ಪವರ್ ಕೊಟ್ಟು, ಓದಿ, ಮತ್ತೆ ಪವರ್ ತೆಗೀತಿದ್ದೆ. ನನ್ನ ಟೇಬಲ್ ಮೇಲೆ ವಾರಗಟ್ಟಲೆ ಚೆನ್ನಾಗೇ ಓಡ್ತು. ಗ್ರಾಹಕರಿಗೆ ಕೊಡೋ ಹಿಂದಿನ ದಿನ ಡೀಬಗ್ ಮೆಸೇಜ್ ಎಲ್ಲಾ ತೆಗೆದೆ. ಮರುದಿನ ಅವರ ಫ್ರಿಜ್‌ನಲ್ಲಿ ಇಟ್ಟ ಕೂಡಲೇ 85 ಡಿಗ್ರಿ ತೋರಿಸ್ತು, ಬಜರ್ ಕೂಗೋಕೆ ಶುರು. ಬೇರೆ ಬೋರ್ಡ್ ಇಟ್ಟೆ, ಅದೂ 85. ಕಾರಣಕ್ಕೆ ಆಮೇಲೆ ಬರ್ತೀನಿ.

ಮೆಸೇಜ್ ಯಾಕೆ ತೆಗೀಬೇಕು?

ಲೆಕ್ಕ ಹಾಕಿ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದ್ರೆ ಸೆಕೆಂಡಿಗೆ 960 ಅಕ್ಷರ. ನನ್ನ ಕೋಡ್‌ನಲ್ಲಿ ಒಂದು ರೀಡಿಂಗ್‌ಗೆ ಸುಮಾರು 40 ಅಕ್ಷರದ 20 ಸಾಲು ಮೆಸೇಜ್ ಇತ್ತು. ಒಟ್ಟು 800 ಅಕ್ಷರ, 830 ಮಿಲಿಸೆಕೆಂಡ್. ಒಂದೊಂದು ಅಕ್ಷರ ಹೋಗೋವರೆಗೂ ಪ್ರೋಗ್ರಾಂ ಕಾಯ್ತಾ ನಿಂತಿರುತ್ತೆ.

ಇನ್ನು ಮೆಮೊರಿ. ಈ ಚಿಪ್‌ನಲ್ಲಿ ಫ್ಲ್ಯಾಶ್ 32 ಕೆಬಿ, ರ‍್ಯಾಮ್ ಬರೀ 2 ಕೆಬಿ. ಎವಿಆರ್‌ನಲ್ಲಿ ಸುಮ್ಮನೆ ಬರೆದ ಸ್ಟ್ರಿಂಗ್‌ಗಳು ಪ್ರೋಗ್ರಾಂ ಶುರುವಾಗುವಾಗಲೇ ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ಕಾಪಿ ಆಗ್ತವೆ. ಆ 800 ಬೈಟ್ ಅಂದ್ರೆ ರ‍್ಯಾಮ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಬರೀ ಮಾತಿಗೆ!

ಕೈಯಿಂದ ಕಾಮೆಂಟ್ ಮಾಡಿದ್ರೆ ಸಾಲದಾ?

ನೂರು ಕಡೆ ಕಾಮೆಂಟ್ ಹಾಕಿ, ಬಗ್ ಬಂದಾಗ ಮತ್ತೆ ನೂರು ಕಡೆ ತೆಗೀಬೇಕು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬ್ರೇಸ್ ಇಲ್ಲದ ಒಂದು 'ಇಫ್' ಕೆಳಗೆ ಮೆಸೇಜ್ ಮಾತ್ರ ಇದೆ ಅಂದ್ಕೊಳ್ಳಿ. ಅದನ್ನ ಕಾಮೆಂಟ್ ಮಾಡಿದ್ರೆ ಅದರ ಮುಂದಿನ ಸಾಲು ಹೋಗಿ 'ಇಫ್' ಕೆಳಗೆ ಕೂತ್ಕೊಳ್ಳುತ್ತೆ. ಕಂಪೈಲರ್ ತುಟಿ ಪಿಟಕ್ ಅನ್ನಲ್ಲ.

'ಡೀಬಗ್ ಆನ್ ಇದ್ರೆ ಪ್ರಿಂಟ್ ಮಾಡು' ಅಂತ ಒಂದು ವೇರಿಯಬಲ್ ಇಡಬಹುದು. ಸಮಯ ಉಳಿಯುತ್ತೆ, ಆದ್ರೆ ಸ್ಟ್ರಿಂಗ್‌ಗಳೂ ಪ್ರಿಂಟ್‌ಎಫ್ ಕೋಡೂ ಚಿಪ್ ಒಳಗೇ ಇರ್ತವೆ.

ಮ್ಯಾಕ್ರೋ ದಾರಿ

ಕಂಪೈಲರ್ ಕೋಡ್ ನೋಡೋಕೆ ಮುಂಚೆ ಪ್ರಿಪ್ರೊಸೆಸರ್ ಬಂದು ಪಠ್ಯವನ್ನ ಬದಲಾಯಿಸಿ ಹೋಗುತ್ತೆ. ಅಲ್ಲೇ ಮೆಸೇಜ್ ಅಳಿಸಿದ್ರೆ ಕಂಪೈಲರ್‌ಗೆ ಅದು ಇತ್ತು ಅಂತಲೇ ಗೊತ್ತಾಗಲ್ಲ. ವೀಡಿಯೋದಲ್ಲಿ ತೋರಿಸಿದ ಕೋಡ್ ಇಲ್ಲಿ ಕನ್ನಡ ಅಕ್ಷರದಲ್ಲಿದೆ:

#ಇಫ್‌ಡೆಫ್ ಡೀಬಗ್
#ಡಿಫೈನ್ ಲಾಗ್(...) ಪ್ರಿಂಟ್‌ಎಫ್(__ವಿಎ_ಆರ್ಗ್ಸ್__)
#ಎಲ್ಸ್
#ಡಿಫೈನ್ ಲಾಗ್(...) ((ವಾಯ್ಡ್)0)
#ಎಂಡಿಫ್

ಮೂರು ಚುಕ್ಕಿ ಅಂದ್ರೆ ಎಷ್ಟು ಆರ್ಗ್ಯುಮೆಂಟ್ ಬೇಕಾದ್ರೂ ಕೊಡಿ ಅಂತ. ಇದು ಸಿ99ರಲ್ಲಿ ಸ್ಟ್ಯಾಂಡರ್ಡ್‌ಗೆ ಬಂತು. ಕೋಡ್ ತುಂಬಾ ಲಾಗ್ ಅಂತಲೇ ಬರೀರಿ. ಜಿಸಿಸಿಗೆ 'ಮೈನಸ್ ಡಿ ಡೀಬಗ್' ಅಂತ ಕೊಟ್ರೆ ಮೆಸೇಜ್ ಬರುತ್ತೆ, ಕೊಡದಿದ್ರೆ ಪ್ರತಿ ಲಾಗ್ ಜಾಗದಲ್ಲಿ ಏನೂ ಮಾಡದ ಒಂದು ಸೊನ್ನೆ ಉಳಿಯುತ್ತೆ. ಆ ಸೊನ್ನೆ ಇರೋದ್ರಿಂದ ಲಾಗ್ ಸಾಲು ಒಂದು ಪೂರ್ತಿ ಸ್ಟೇಟ್‌ಮೆಂಟ್ ಆಗೇ ಉಳಿಯುತ್ತೆ. ಮೇಲೆ ಹೇಳಿದ 'ಇಫ್' ತೊಂದರೆ ಬರಲ್ಲ. ಅನುಮಾನ ಇದ್ರೆ 'ಮೈನಸ್ ಇ' ಕೊಟ್ಟು ಪ್ರಿಪ್ರೊಸೆಸರ್ ಏನು ಮಾಡಿದೆ ಅಂತ ಕಣ್ಣಾರೆ ನೋಡಿ. ಸಿ ಭಾಷೆಯ ಅಸರ್ಟ್ ಕೂಡ ಇದೇ ದಾರೀದು. ಎನ್‌ಡೀಬಗ್ ಡಿಫೈನ್ ಮಾಡಿದ್ರೆ ಅದೂ ಸೊನ್ನೆ ಆಗುತ್ತೆ.

ಒಂದು ಬಲೆ ಇದೆ, ಹುಷಾರು. ಲಾಗ್‌ನ ಬ್ರ್ಯಾಕೆಟ್ ಒಳಗೆ ಕೆಲಸ ಮಾಡೋ ಫಂಕ್ಷನ್ ಕರೀಬೇಡಿ. ಉದಾಹರಣೆಗೆ, ಬಫರ್‌ನಿಂದ ಮುಂದಿನ ಬೈಟ್ ತೆಗೆಯೋ ಫಂಕ್ಷನ್ನನ್ನ ಲಾಗ್ ಒಳಗೇ ಕರೆದ್ರೆ, ಮ್ಯಾಕ್ರೋ ಖಾಲಿ ಆದಾಗ ಆ ಕರೆಯೂ ಮಾಯ. ಮೊದಲು ಒಂದು ವೇರಿಯಬಲ್‌ಗೆ ಓದ್ಕೊಳ್ಳಿ, ಆಮೇಲೆ ಆ ವೇರಿಯಬಲ್ ಪ್ರಿಂಟ್ ಮಾಡಿ.

ಆ 85 ಎಲ್ಲಿಂದ ಬಂತು?

ಮ್ಯಾಕ್ರೋ ಸರಿಯಾಗೇ ಇತ್ತು, ಲಾಗ್ ಒಳಗೆ ಯಾವ ಫಂಕ್ಷನ್ನೂ ಇರಲಿಲ್ಲ. ಸೋಲ್ಡರಿಂಗ್ ನೋಡಿದೆ, ಕೇಬಲ್ ಬದಲಾಯಿಸಿದೆ, ಸೆನ್ಸರ್ ನಕಲಿ ಇರಬಹುದು ಅಂತ ಅಂಗಡಿಯವರನ್ನೂ ಬೈದೆ. ಎರಡನೇ ರಾತ್ರಿ ಡೀಬಗ್ ಆನ್ ಮಾಡಿದೆ, 5 ಡಿಗ್ರಿ. ಆಫ್ ಮಾಡಿದೆ, 85.

ಆಗ ಡೇಟಾಶೀಟ್ ತೆಗೆದೆ. ಡಿಎಸ್18ಬಿ20 ಪವರ್ ಬಂದ ಕೂಡಲೇ ತನ್ನ ರಿಜಿಸ್ಟರ್‌ನಲ್ಲಿ 85 ಡಿಗ್ರಿ ಇಟ್ಕೊಂಡಿರುತ್ತೆ. 12 ಬಿಟ್ ರೆಸಲ್ಯೂಷನ್‌ನಲ್ಲಿ ಅಳೆದು ಮುಗಿಸೋಕೆ ಅದಕ್ಕೆ 750 ಮಿಲಿಸೆಕೆಂಡ್‌ವರೆಗೂ ಬೇಕು. ಅಳೆಯೋಕೆ ಹೇಳಿದ ಮೇಲೆ ನಾನು ಕಾಯೋ ಸಾಲನ್ನೇ ಬರೆದಿರಲಿಲ್ಲ. ಅಳತೆಗೂ ಓದಿಗೂ ನಡುವೆ ಆ 20 ಸಾಲು ಮೆಸೇಜ್ ಇತ್ತಲ್ಲ, ಅದರ 830 ಮಿಲಿಸೆಕೆಂಡೇ ನನ್ನ ಪರವಾಗಿ ಕಾಯ್ತಿತ್ತು! ಮೆಸೇಜ್ ಹೋಯ್ತು, ಕಾಯೋದೂ ಹೋಯ್ತು. ಅಂಗಡಿಯವರ ತಪ್ಪೇನೂ ಇರಲಿಲ್ಲ. ಸೆನ್ಸರ್ ಅಳತೆ ಮುಗೀತಾ ಅಂತ ಕೇಳಿ, ಆಮೇಲೆ ಓದೋ ಹಾಗೆ ಬದಲಾಯಿಸಿದೆ, ಎಲ್ಲಾ ಸರಿ ಹೋಯ್ತು.

ಮ್ಯಾಕ್ರೋ ಮೆಸೇಜ್ ಒಂದನ್ನೇ ತೆಗೆಯಲ್ಲ, ಮೆಸೇಜ್ ತಗೊಳ್ತಿದ್ದ ಸಮಯವನ್ನೂ ತೆಗೆಯುತ್ತೆ. ಡೀಬಗ್ ಬಿಲ್ಡ್, ರಿಲೀಸ್ ಬಿಲ್ಡ್ ಎರಡೂ ಬೇರೆ ಬೇರೆ ಪ್ರೋಗ್ರಾಂ ಅಂತಲೇ ತಿಳ್ಕೊಳ್ಳಿ. ಟೆಸ್ಟ್ ಮಾಡೋದು ಗ್ರಾಹಕರ ಕೈಗೆ ಹೋಗೋ ಬಿಲ್ಡನ್ನ, ಅದೂ ಕೊನೇ ದಿನ ಅಲ್ಲ, ಮೊದಲ ವಾರದಿಂದಲೇ. ನಾನೀಗ ದಿನಕ್ಕೊಮ್ಮೆಯಾದ್ರೂ ಡೀಬಗ್ ಆಫ್ ಮಾಡಿ ಓಡಿಸ್ತೀನಿ.

ನಿಮಗೂ ಹೀಗೆ ಆಗಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ವೀಡಿಯೋದಲ್ಲಿ ಸಿಗೋಣ.