ಕೊಯ್ಲಿನ ದಿನಗಳಿಗೆ ಕುಕ್ಕರಿನ ಅಡುಗೆ

ಕಾಫಿ ಹಣ್ಣು ಕೆಂಪಾಗಿ, ಅಡಿಕೆ ಮರದಿಂದ ಕೊನೆ ಇಳಿಯತೊಡಗಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರಿಗೆ ಬಿಡುವೆಂಬುದೇ ಇಲ್ಲ. ಅಂಗಳದಲ್ಲಿ ಹಣ್ಣು ಹರವಬೇಕು, ಸುಲಿಯುವವರಿಗೆ ಹೊತ್ತು ಹೊತ್ತಿಗೆ ಕಾಫಿ ಕೊಡಬೇಕು, ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಅದರ ಕಡೆಗೂ ಒಂದು ಕಣ್ಣಿಡಬೇಕು. ಇಷ್ಟರ ನಡುವೆ ಮಧ್ಯಾಹ್ನ ಒಂದು ಗಂಟೆಗೆ ಎಲೆ ಹಾಕಿದಾಗ ಅನ್ನ, ಹುಳಿ, ಪಲ್ಯ ಬಿಸಿಯಾಗಿಯೇ ಇರಬೇಕು. ತೋಟದ ಲೆಕ್ಕ ಬರೆಯುವಾಗ ಕೊಯ್ಲಿನ ಕೂಲಿ, ಗೊಬ್ಬರ, ಔಷಧಿ ಎಲ್ಲವನ್ನೂ ಬರೆಯುತ್ತೇವೆ. ಅಡುಗೆಮನೆಯಲ್ಲಿ ಕಳೆಯುವ ಹೊತ್ತನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಆ ಹೊತ್ತನ್ನು ಸ್ವಲ್ಪ ಉಳಿಸಿಕೊಳ್ಳುವ ದಾರಿಯನ್ನು ಸದಸ್ಯರ ಮನೆಯವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕುಕ್ಕರ್ ಇಲ್ಲದ ಮನೆ ಈಗ ಅಪರೂಪ. ಆದರೆ ಅದನ್ನು ಬೇಳೆ ಬೇಯಿಸುವುದಕ್ಕೆ ಮಾತ್ರ ಇಟ್ಟುಕೊಂಡವರು ಅನೇಕರು. ನಮ್ಮ ಮನೆಯಲ್ಲಿಯೂ ಬಹಳ ಕಾಲ ಹಾಗೆಯೇ ಇತ್ತು. "ಕುಕ್ಕರಿನ ಅನ್ನಕ್ಕೆ ರುಚಿ ಎಲ್ಲಿಂದ ಬರಬೇಕು ಮಾರಾಯ್ತಿ? ಗಂಜಿ ಬಸಿಯದ ಅನ್ನ ಮೈಗೂ ಭಾರ" ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಅವರ ಮಾತು ಪೂರ್ತಿ ತಪ್ಪೆಂದು ನಾವು ಹೇಳುವುದಿಲ್ಲ. ಬಸಿದ ಅನ್ನ ಉದುರುದುರಾಗಿ ಇರುತ್ತದೆ. ಬಸಿದ ಗಂಜಿ ಮನೆಯವರಿಗೋ ದನಕರುಗಳಿಗೋ ಒದಗುತ್ತದೆ. ಆದರೆ ಗಂಜಿಯನ್ನು ಚೆಲ್ಲುವ ಮನೆಯಲ್ಲಿ ಅದರ ಜೊತೆಗೆ ನೀರಿನಲ್ಲಿ ಕರಗುವ ಜೀವಸತ್ವಗಳೂ ಮೋರಿಗೆ ಹೋಗುತ್ತವೆ ಎಂಬುದನ್ನು ನೆನಪಿಡಬೇಕು.

ಕುಕ್ಕರಿನ ಗುಟ್ಟೇನು?

ಬಾಯಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವ ಬಿಂದುವಿಗೆ ಬಂದ ಮೇಲೆ ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್. ಚಿಕ್ಕಮಗಳೂರು, ಮಡಿಕೇರಿಯಂಥ ಊರುಗಳು ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು "ಇಲ್ಲಿ ಬೇಳೆ ಬೇಗ ಬೇಯುವುದಿಲ್ಲ" ಎನ್ನುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನಲ್ಲಿ ಹಬೆ ಹೊರಗೆ ಹೋಗದೆ ಒತ್ತಡ ಏರುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಮುಕ್ಕಾಲು ಗಂಟೆ ಹಿಡಿಯುವ ತೊಗರಿಬೇಳೆ ಹತ್ತು ಹನ್ನೆರಡು ನಿಮಿಷದಲ್ಲಿ ಬೇಯುವುದು ಹೀಗೆ.

ಇದು ಇಂದು ನಿನ್ನೆಯ ಉಪಾಯವಲ್ಲ. ಫ್ರಾನ್ಸಿನ ಡೆನಿ ಪಾಪಿನ್ ಎಂಬ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿದ್ದಾಗ, ಗಟ್ಟಿ ಎಲುಬುಗಳನ್ನೂ ಮೆತ್ತಗೆ ಬೇಯಿಸಬಲ್ಲ ಬಿಗಿ ಮುಚ್ಚಳದ ಪಾತ್ರೆಯನ್ನು ಮಾಡಿದನು. ಹೆಚ್ಚಾದ ಹಬೆ ತಾನಾಗಿ ಹೊರಗೆ ಹೋಗಲೆಂದು ಅದಕ್ಕೆ ಕವಾಟವನ್ನು ಜೋಡಿಸಿದವನೂ ಅವನೇ. ಇಂದಿನ ಸೇಫ್ಟಿ ವಾಲ್ವಿನ ಮೂಲ ಅದು.

ಒಂದೇ ಒಲೆಯಲ್ಲಿ ಮೂರು ಪದಾರ್ಥ

ಐದಾರು ಜನರ ಮನೆಗೆ ಎಲ್ಲಕ್ಕಿಂತ ಅನುಕೂಲವಾದದ್ದು ಡಬ್ಬಿಗಳ ಅಡುಗೆ. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು ಹಾಕಿ ತಟ್ಟೆ ಇಡಿ. ಕೆಳಗಿನ ಡಬ್ಬಿಯಲ್ಲಿ ಅರ್ಧ ಗಂಟೆ ನೆನೆದ ತೊಗರಿಬೇಳೆ, ಬೇಳೆಯ ಮೂರರಷ್ಟು ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ. ನಡುವಿನ ಡಬ್ಬಿಯಲ್ಲಿ ಅಕ್ಕಿ ಮತ್ತು ಅದರ ಎರಡರಷ್ಟು ನೀರು. ಹಳೆ ಅಕ್ಕಿಯಾದರೆ ಅರ್ಧ ಪಾಲು ಹೆಚ್ಚು. ಮೇಲಿನ ಡಬ್ಬಿಯಲ್ಲಿ ದೊಡ್ಡದಾಗಿ ಹೆಚ್ಚಿದ ಸುವರ್ಣಗೆಡ್ಡೆ, ಆಲೂಗೆಡ್ಡೆ ಅಥವಾ ಬೀಟ್‌ರೂಟ್. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣದು ಮಾಡಿ ಹತ್ತು ಹನ್ನೆರಡು ನಿಮಿಷ ಇಟ್ಟು ಇಳಿಸಿದರೆ ಮೂರೂ ಸಿದ್ಧ. ಇನ್ನುಳಿದದ್ದು ಹುಳಿ ಕೂಡಿಸುವುದು, ಪಲ್ಯಕ್ಕೆ ಒಗ್ಗರಣೆ ಕೊಡುವುದು ಮಾತ್ರ.

ಹುಣಿಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದು ತಡವಾಗುತ್ತದೆ. ಅಲ್ಯೂಮಿನಿಯಂ ಕುಕ್ಕರಿನಲ್ಲಿ ಹುಳಿ ಪದಾರ್ಥ ಬಹಳ ಹೊತ್ತು ಇರುವುದೂ ಒಳ್ಳೆಯದಲ್ಲ. ಸೌತೆ, ಹೀರೆ, ಬಸಳೆಯಂಥ ಮೆತ್ತಗಿನ ತರಕಾರಿಗಳಿಗೆ ಕುಕ್ಕರ್ ಬೇಡ. ತೆರೆದ ಪಾತ್ರೆಯೇ ಸಾಕು.

ಹುರುಳಿ ಕಟ್ಟಿನ ಸಾರು

ಚಳಿಗಾಲಕ್ಕೆ ಇದಕ್ಕಿಂತ ಒಳ್ಳೆಯ ಸಾರಿಲ್ಲ. ಹಿಂದೆ ಅರ್ಧ ದಿನ ಸೌದೆ ಉರಿಸಿ ಮಾಡುತ್ತಿದ್ದುದು ಈಗ ಅರ್ಧ ಗಂಟೆಯ ಕೆಲಸ. ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಐದು ಲೋಟ ನೀರಿನೊಂದಿಗೆ ಕುಕ್ಕರಿಗೆ ಹಾಕಿ, ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಕಟ್ಟನ್ನು ಬಸಿದು, ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ ಜಜ್ಜಿ ಹಾಕಿ, ಹುಣಿಸೆರಸ ಮತ್ತು ಉಪ್ಪು ಸೇರಿಸಿ ಕುದಿಸಿ ಒಗ್ಗರಣೆ ಕೊಡಿ. ಉಳಿದ ಕಾಳಿಗೆ ತೆಂಗಿನತುರಿ, ಒಣಮೆಣಸಿನ ಒಗ್ಗರಣೆ ಸೇರಿಸಿದರೆ ಪಲ್ಯವಾಯಿತು. ಕಾಳು ಬೇಗ ಬೇಯಲೆಂದು ಕೆಲವರು ಅಡುಗೆ ಸೋಡಾ ಹಾಕುತ್ತಾರೆ. ಸೋಡಾದಿಂದ ಬಿ-1 ಜೀವಸತ್ವ ಹಾಳಾಗುತ್ತದೆ. ನೆನೆಹಾಕಿದ ಕಾಳಿಗೆ ಅದರ ಅಗತ್ಯವೂ ಇಲ್ಲ.

ರಾತ್ರಿಗೆ ಹೆಸರುಬೇಳೆ ಹುಗ್ಗಿ

ದಣಿದು ಬಂದ ರಾತ್ರಿಗೆ ಹುಗ್ಗಿಯೇ ಸರಿ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹುರಿದ ಹೆಸರುಬೇಳೆ, ಐದು ಲೋಟ ನೀರು, ಉಪ್ಪು. ಕುಕ್ಕರಿನಲ್ಲೇ ಎರಡು ಚಮಚ ತುಪ್ಪ ಕಾಯಿಸಿ, ನಮ್ಮ ತೋಟದ್ದೇ ಕಾಳುಮೆಣಸು, ಜೀರಿಗೆ, ಶುಂಠಿ, ಕರಿಬೇವು ಬಾಡಿಸಿ, ಎಲ್ಲವನ್ನೂ ಸುರಿದು ಮುಚ್ಚಿ. ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ ಎಂಟು ನಿಮಿಷ. ಇಳಿಸಿದ ಮೇಲೆ ತೆಂಗಿನತುರಿ ಬೆರೆಸಿ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯಿದ್ದರೆ ಬೇರೇನೂ ಬೇಡ.

ಕೂಗು ಎಣಿಸುವುದಕ್ಕಿಂತ ನಿಮಿಷ ಎಣಿಸುವುದು ಉತ್ತಮವೆಂದು ನಮ್ಮ ಅನುಭವ. ಉರಿ ದೊಡ್ಡದಾದರೆ ಕೂಗು ಬೇಗಬೇಗ ಬರುತ್ತದೆ, ಸಣ್ಣದಾದರೆ ತಡವಾಗುತ್ತದೆ. ಆದ್ದರಿಂದ "ಮೂರು ಕೂಗು" ಎಂಬ ಲೆಕ್ಕ ಒಂದು ಮನೆಯಿಂದ ಇನ್ನೊಂದು ಮನೆಗೆ ಸರಿಹೊಂದುವುದಿಲ್ಲ. ಒಳಗೆ ಒತ್ತಡ ತುಂಬಿದ ಮೇಲೆ ದೊಡ್ಡ ಉರಿ ಕೊಡುವುದು ಬರೀ ಗ್ಯಾಸಿನ ನಷ್ಟ.

ನಮ್ಮ ಕೈ ಸುಟ್ಟ ಕತೆ

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಕೆಲವು ವರ್ಷಗಳ ಹಿಂದೆ ಇಂಥದೇ ಕೊಯ್ಲಿನ ಕಾಲ. ಸುಲಿಯುವವರು ಹನ್ನೆರಡು ಮಂದಿ ಊಟಕ್ಕಿದ್ದರು. ಎರಡು ಸಲ ಇಡುವುದು ಯಾಕೆಂದು ಬೇಳೆಯನ್ನು ಕುಕ್ಕರಿನ ಕಂಠದವರೆಗೆ ತುಂಬಿದೆವು. ಎಷ್ಟು ಹೊತ್ತಾದರೂ ಕೂಗು ಬರಲಿಲ್ಲ. ಎಲೆ ಹಾಕುವ ಹೊತ್ತಾಯಿತೆಂಬ ಅವಸರಕ್ಕೆ ಒಲೆ ಆರಿಸಿ, ವೆಯಿಟ್ ಎತ್ತಿ ನೋಡಿದೆವು, ಹಬೆ ಬರಲಿಲ್ಲ. ಒಳಗೆ ಒತ್ತಡವಿಲ್ಲವೆಂದು ತಿಳಿದು ಬಿಗಿಯಾಗಿದ್ದ ಮುಚ್ಚಳವನ್ನು ಬಲವಂತವಾಗಿ ತಿರುಗಿಸಿದೆವು. ಬೇಳೆ ಮಾಡಿನವರೆಗೆ ಹಾರಿತು. ಎಡಗೈ ಮೊಣಕೈವರೆಗೆ ಬೊಬ್ಬೆಯೆದ್ದಿತು. ಆಮೇಲೆ ನೋಡಿದರೆ ಹಬೆ ಹೋಗುವ ನಳಿಗೆಯಲ್ಲಿ ಬೇಳೆಯ ಸಿಪ್ಪೆ ಸಿಕ್ಕಿಕೊಂಡಿತ್ತು. ಹಬೆ ಬರದಿದ್ದುದು ಒತ್ತಡವಿಲ್ಲದೆ ಅಲ್ಲ, ದಾರಿಯಿಲ್ಲದೆ.

ಅಂದು ಅತ್ತೆಯವರು ಬೈಯಲಿಲ್ಲ. ಕೈಯನ್ನು ತಣ್ಣೀರಿನಲ್ಲಿ ಬಹಳ ಹೊತ್ತು ಹಿಡಿಸಿದರು. ಅದೇ ಸರಿಯಾದ ಉಪಚಾರವೆಂದು ಆಮೇಲೆ ವೈದ್ಯರೂ ಹೇಳಿದರು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಶಾಯಿ, ಟೂತ್‌ಪೇಸ್ಟು, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಬೊಬ್ಬೆ ದೊಡ್ಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಆದ್ದರಿಂದ ಇವಿಷ್ಟನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ:

1. ಅಕ್ಕಿ, ಬೇಳೆ, ಕಾಳುಗಳನ್ನು ನೇರವಾಗಿ ಬೇಯಿಸುವಾಗ ನೀರೂ ಸೇರಿ ಕುಕ್ಕರಿನ ಅರ್ಧ ಮೀರಬಾರದು. ಬೇರೆ ಪದಾರ್ಥಗಳಾದರೂ ಮೂರರಲ್ಲಿ ಎರಡು ಪಾಲು ಸಾಕು.

2. ಪ್ರತಿ ಸಲವೂ ಮುಚ್ಚಳವನ್ನು ಬೆಳಕಿಗೆ ಹಿಡಿದು ನಳಿಗೆಯ ತೂತು ತೆರೆದಿದೆಯೇ ನೋಡಿ. ಹಬೆ ಚೆನ್ನಾಗಿ ಬರತೊಡಗಿದ ಮೇಲೆಯೇ ವೆಯಿಟ್ ಇಡಿ.

3. ನೀರಿಲ್ಲದೆ ಕುಕ್ಕರನ್ನು ಎಂದೂ ಒಲೆಯ ಮೇಲಿಡಬೇಡಿ.

4. ಕೂಗು ಬರದಿದ್ದರೆ ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ದೂರವಿರಿ. ತಾನಾಗಿ ಸಡಿಲವಾಗದ ಮುಚ್ಚಳಕ್ಕೆ ಬಲ ಹಾಕಬೇಡಿ.

5. ಸೇಫ್ಟಿ ವಾಲ್ವ್ ಹೋದರೆ ಅದೇ ಕಂಪನಿಯದನ್ನೇ ಹಾಕಿಸಿ. ಆ ತೂತಿಗೆ ಬೋಲ್ಟು ಬಿಗಿದು ಕೆಲಸ ಸಾಗಿಸುವುದು ಒಲೆಯ ಮೇಲೆ ಬಾಂಬು ಇಟ್ಟ ಹಾಗೆ. ಬಿರಿದ, ಸಡಿಲವಾದ ರಬ್ಬರನ್ನೂ ಬದಲಾಯಿಸಿ.

6. ಹೊಸದು ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರುಗಳಿಗೆ ಈ ಗುರುತು ಕಡ್ಡಾಯವಾಗಿದೆ. ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಗುರುತಿಲ್ಲದ್ದನ್ನು ತರಬೇಡಿ.

ಕೊನೆಯದಾಗಿ ಒಂದು ಮಾತು. ನಮ್ಮ ಕೈ ವಾಸಿಯಾಗುವವರೆಗೆ ಹದಿನೈದು ದಿನ ಮನೆಯ ಅಡುಗೆಯನ್ನು ನಮ್ಮ ಯಜಮಾನರೇ ನೋಡಿಕೊಂಡರು. ಅದುವರೆಗೆ ಕಾಫಿಯನ್ನೂ ಬೆರೆಸಿಕೊಳ್ಳದವರು, ಡಬ್ಬಿಗಳಿಗೆ ಅಳತೆ ಹಾಕಿ, ಗಡಿಯಾರ ನೋಡಿ ಇಳಿಸುವುದನ್ನು ಎರಡೇ ದಿನದಲ್ಲಿ ಕಲಿತರು. ಕೈ ವಾಸಿಯಾದ ಮೇಲೂ ಕೊಯ್ಲಿನ ದಿನಗಳಲ್ಲಿ ರಾತ್ರಿಯ ಹುಗ್ಗಿ ಅವರದೇ. ಅತ್ತೆಯವರು ಅದನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ಕುಕ್ಕರಿನ ರುಚಿಯ ಮಾತನ್ನು ಮತ್ತೆ ಎತ್ತಲಿಲ್ಲ. ಕೊಯ್ಲಿನ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವಂತೆ ಒಲೆಯ ಕೆಲಸವನ್ನೂ ಹಂಚಿಕೊಂಡರೆ ಯಾರಿಗೂ ಭಾರವಾಗದು. ಸದಸ್ಯ ಬಾಂಧವರು ಯೋಚಿಸಬೇಕು.

ತಮ್ಮ ಮನೆಗಳಲ್ಲಿ ಮಾಡುವ ಇಂಥ ಸುಲಭದ ಅಡುಗೆಗಳನ್ನು ಸೋದರಿಯರು, ಸೋದರರೂ ಸಹ, ಬರೆದು ಕಳುಹಿಸಿದರೆ ಎಲ್ಲರಿಗೂ ಉಪಯೋಗವಾದೀತು.