ಪನ್ನೀರು ಕೆನ್ನೆಗಿರಲಿ, ಕಣ್ಣಿಗೆ ಬೇಡ

ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿಯಿಂದ ಮೈಮೇಲೆ ಬೀಳುವ ನಾಲ್ಕು ಹನಿ ಎಂಥ ಸೆಖೆಯಲ್ಲೂ ಹಿತವೆನಿಸುತ್ತದೆ. ಅದೇ ಪನ್ನೀರು ಔಷಧಿ ಅಂಗಡಿ, ದಿನಸಿ ಅಂಗಡಿಗಳಲ್ಲಿ ಬಗೆಬಗೆಯ ಸೀಸೆಗಳಲ್ಲಿ ಸಿಗುತ್ತದೆ. ಎಲ್ಲವೂ ಒಂದೇ ಎಂದು ತಿಳಿಯಬೇಡಿ.

ನಿಜವಾದ ಪನ್ನೀರು ಗುಲಾಬಿಯಿಂದ ಭಟ್ಟಿ ಇಳಿಸಿದ್ದು. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ ಕಾಯಿಸುತ್ತಾರೆ. ಹಬೆಯು ಬಿದಿರಿನ ಕೊಳವೆಯ ಮೂಲಕ, ತಣ್ಣೀರಿನಲ್ಲಿಟ್ಟ ಪಾತ್ರೆಗೆ ಇಳಿದು ನೀರಾಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವುದು ಡಮಾಸ್ಕ್ ಜಾತಿಯ ಗುಲಾಬಿ. ಹೂಗುಚ್ಛದ ಉದ್ದ ಕಾಂಡದ ಗುಲಾಬಿಗೆ ರೂಪವಿದೆ, ಪರಿಮಳ ಅಷ್ಟಕ್ಕಷ್ಟೆ. ಅಗ್ಗದ ಸೀಸೆಗಳಲ್ಲಿ ಅನೇಕವು ನೀರಿಗೆ ಕೃತಕ ಸುವಾಸನೆ ಬೆರೆಸಿದವು.

ಕಣ್ಣು ಉರಿದರೆ ಎರಡು ಹನಿ ಪನ್ನೀರು ಬಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಇದನ್ನು ನಿಲ್ಲಿಸಿ. ಕಣ್ಣಿಗೆ ಹಾಕುವ ಔಷಧಿಯಲ್ಲಿ ರೋಗಾಣು ಇರಲೇಬಾರದು. ಮುಖಕ್ಕೆಂದು ಮಾರುವ ಪನ್ನೀರಿಗೆ ಆ ಖಾತ್ರಿಯಿಲ್ಲ. ಸುವಾಸನೆಯ ರಾಸಾಯನಿಕ ಕಣ್ಣನ್ನು ಇನ್ನಷ್ಟು ಕೆಣಕುತ್ತದೆ. ಸೋಂಕು ಕರಿಗುಡ್ಡೆಗೆ ತಗುಲಿ ಹುಣ್ಣಾದರೆ ದೃಷ್ಟಿಗೇ ಸಂಚಕಾರ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಇನ್ನೂ ಎಚ್ಚರದಿಂದಿರಬೇಕು. ಆಯಾಸವಾಗಿದ್ದರೆ ತಣ್ಣೀರಿನಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲಿಡಿ, ಸಾಕು. ನೋವಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ ನೇತ್ರ ವೈದ್ಯರ ಬಳಿ ಅಂದೇ ಹೋಗಿ.

ಚರ್ಮಕ್ಕೆ ಹಚ್ಚಲು ಅಡ್ಡಿಯಿಲ್ಲ. ಎಣ್ಣೆ ಮುಖದವರು ಮುಲ್ತಾನಿ ಮಿಟ್ಟಿಯನ್ನು ಪನ್ನೀರಿನಲ್ಲಿ ಕಲಸಿ ಹಚ್ಚಿಕೊಂಡು, ಪೂರ್ತಿ ಒಣಗಿ ಬಿರಿಯುವ ಮೊದಲೇ ತೊಳೆಯಬಹುದು. ಚಳಿಗಾಲದಲ್ಲಿ ಚರ್ಮ ಒಡೆಯುವವರು ಒಂದು ಚಮಚ ಗ್ಲಿಸರಿನ್‌ಗೆ ಮೂರು ನಾಲ್ಕು ಚಮಚ ಪನ್ನೀರು ಬೆರೆಸಿ ಕೈಕಾಲಿಗೆ ಸವರಿಕೊಳ್ಳಲಿ. ಇಲ್ಲಿ ತೇವ ಹಿಡಿದಿಡುವುದು ಗ್ಲಿಸರಿನ್. ಪನ್ನೀರು ಅದರ ಅಂಟು ಕಳೆದು ಪರಿಮಳ ಕೊಡುತ್ತದೆ, ಅಷ್ಟೆ. ಇದರಿಂದ ಬಣ್ಣ ಬಿಳಿಯಾಗುವುದಿಲ್ಲ, ಸುಕ್ಕು ಹೋಗುವುದಿಲ್ಲ. ಹಾಗೆ ಹೇಳುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಸುಗಂಧದ ಅಲರ್ಜಿ ಕೆಲವರಿಗುಂಟು. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಇಸುಬು ಇರುವ ಮಕ್ಕಳಿಗೆ ಹಚ್ಚದಿರುವುದೇ ಲೇಸು.

ಇನ್ನು ಅಡುಗೆ. 'ಬಾಹ್ಯ ಬಳಕೆಗೆ ಮಾತ್ರ' ಎಂದು ಬರೆದ ಸೀಸೆಯನ್ನು ಒಲೆಯ ಹತ್ತಿರ ತರಲೇಬೇಡಿ. ಆಹಾರಕ್ಕೆಂದೇ ಮಾರುವ ಪನ್ನೀರಿನ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಬೇಕು. ಹೂವಿನಂಗಡಿಯ ಗುಲಾಬಿ ತಂದು ಮನೆಯಲ್ಲೇ ಕುದಿಸುತ್ತೇವೆ ಎನ್ನುವವರಿಗೆ ಒಂದು ಮಾತು: ಅದಕ್ಕೆ ಕೀಟನಾಶಕ ಹೊಡೆದಿರುತ್ತಾರೆ, ಅದು ತಿನ್ನಲು ಬೆಳೆದ ಹೂವಲ್ಲ. ಮಧುಮೇಹಿಗಳೂ ಗಮನಿಸಿ, ಪನ್ನೀರಿನಲ್ಲಿ ಸಕ್ಕರೆಯಿಲ್ಲ. ಗುಲಾಬಿ ಶರಬತ್ತಿನಲ್ಲಿ ತುಂಬ ಇದೆ.

ಜಾಮೂನಿನ ಪಾಕಕ್ಕಾಗಲಿ, ಖೀರಿಗಾಗಲಿ ಒಲೆಯಿಂದ ಇಳಿಸಿ ಕೊಂಚ ಆರಿದ ಮೇಲೆ ಪನ್ನೀರು ಹಾಕಿ, ಕುದಿಯುವಾಗ ಹಾಕಿದರೆ ಪರಿಮಳವೆಲ್ಲ ಹಬೆಯೊಡನೆ ಹಾರಿಹೋಗುತ್ತದೆ. ಅರ್ಧ ಲೀಟರ್ ಹಾಲಿನ ಖೀರಿಗೆ ಒಂದು ಟೀ ಚಮಚ ಧಾರಾಳ. ಹೆಚ್ಚಾದರೆ ಸೋಪು ತಿಂದಂತಾಗುತ್ತದೆ!