ಗುಡ್ಡದಡಿಯ ಹಿಂಗಾರು: ಯಶವಂತನಗರ ಸುತ್ತಿನ ರೈತರ ಎರಡು ತಿಂಗಳು

1934ರಲ್ಲಿ ಸಂಡೂರಿಗೆ ಬಂದಿದ್ದ ಮಹಾತ್ಮಾ ಗಾಂಧಿಯವರು ಈ ಊರನ್ನು ಸೆಪ್ಟೆಂಬರ್ ತಿಂಗಳಲ್ಲಿ ನೋಡಬೇಕೆಂದು ಹೇಳಿದರೆಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ತಿಂಗಳಲ್ಲಿ ಗುಡ್ಡಗಳೆಲ್ಲ ಹಸಿರಾಗಿ, ಹಳ್ಳಗಳು ಹರಿಯುತ್ತಿರುತ್ತವೆ. ನೋಡಲು ಬಂದವರಿಗೆ ಅದು ಸೊಬಗು. ಆದರೆ ಯಶವಂತನಗರದಂಥ ಗುಡ್ಡದ ಮಗ್ಗುಲಿನ ಊರುಗಳ ಒಕ್ಕಲಿಗೆ ಆ ಹಸಿರೇ ವರ್ಷದ ಬಂಡವಾಳ. ಉತ್ತರೆ ಮಳೆಯಿಂದ ದೀಪಾವಳಿಯವರೆಗಿನ ಸುಮಾರು ಎರಡು ತಿಂಗಳಲ್ಲಿ ನೀರು, ಮೇವು ಮತ್ತು ಬೀಜ ಎಷ್ಟು ಕೂಡಿ ಬಿದ್ದವು ಎಂಬುದರ ಮೇಲೆ, ಬೇಸಿಗೆಯಲ್ಲಿ ಆ ಮನೆಯವರು ಊರಲ್ಲಿ ಉಳಿಯುತ್ತಾರೋ, ಗುಳೆ ಹೋಗುತ್ತಾರೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಆದುದರಿಂದ ಈ ದಿನಗಳ ಕೆಲಸಗಳನ್ನು ಒಂದೊಂದಾಗಿ ನೋಡುವುದು ಪ್ರಯೋಜನಕರ.

ನೆಲ ಮತ್ತು ಮಳೆ

ಸಂಡೂರು ತಾಲ್ಲೂಕು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದೆ. ಆದರೂ ಸುಮಾರು 1,000 ಮೀಟರ್ ಎತ್ತರದವರೆಗೆ ಏಳುವ ಬೆಟ್ಟಸಾಲಿನಿಂದಾಗಿ ಇಲ್ಲಿ ಬಳ್ಳಾರಿ ಬಯಲು ಸೀಮೆಗಿಂತ ಹೆಚ್ಚು ಮಳೆ ಬೀಳುತ್ತದೆ. ಈ ವಲಯದಲ್ಲಿ ಸೆಪ್ಟೆಂಬರ್ ತಿಂಗಳೇ ಹೆಚ್ಚು ಮಳೆಯ ಕಾಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯ ವಾರದವರೆಗೆ ನಡೆಯುತ್ತವೆ. ಸ್ವಾತಿಯ ನಂತರ ಮಳೆಯನ್ನು ನಂಬುವಂತಿಲ್ಲ.

ಗುಡ್ಡದ ಬುಡದಲ್ಲಿ ಕಲ್ಲು ಬೆರೆತ, ಆಳವಿಲ್ಲದ ಕೆಂಪು ಮಣ್ಣು ಇರುತ್ತದೆ. ಕೆಳಗಿಳಿದಂತೆ ಮಣ್ಣಿನ ಆಳ ಹೆಚ್ಚುತ್ತದೆ. ಬುಡದ ಹೊಲದಲ್ಲಿ ನೀರು ನಿಲ್ಲುವುದು ಕಡಿಮೆ, ಓಡುವುದು ಹೆಚ್ಚು. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಇಳಿಜಾರಿನ ಉದ್ದಕ್ಕೆ ಉತ್ತ ಹೊಲದಲ್ಲಿ ಇದರ ಬಹುಭಾಗ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಸೇರುತ್ತದೆ. ಉಳುಮೆ, ಬಿತ್ತನೆ, ಎಡೆಕುಂಟೆ ಎಲ್ಲವನ್ನೂ ಇಳಿಜಾರಿಗೆ ಅಡ್ಡಲಾಗಿ ಮಾಡಿದರೆ ಪ್ರತಿಯೊಂದು ಸಾಲೂ ಒಂದು ಚಿಕ್ಕ ಒಡ್ಡಿನಂತೆ ಕೆಲಸ ಮಾಡುತ್ತದೆ. ಹಸ್ತ ಮಳೆಗೆ ಮೊದಲೇ ಬದುಗಳ ಒಡಕು ಮುಚ್ಚಿ, ಬದುವಿನ ಮೇಲೆ ಲಾವಂಚದ ಬುಡಗಳನ್ನು ಒತ್ತಾಗಿ ನೆಡಬೇಕು. ಗಣಿ ಪ್ರದೇಶದಿಂದ ಹರಿದು ಬರುವ ನೀರಿನಲ್ಲಿ ನುಣ್ಣನೆಯ ಕೆಂಪು ಹೂಳು ಹೆಚ್ಚು. ಅಂಥ ನೀರನ್ನು ನೇರವಾಗಿ ಹೊಲಕ್ಕೆ ಬಿಡದೆ, ಮೊದಲು ಒಂದು ಗುಂಡಿಯಲ್ಲಿ ತಂಗಿಸಿ ಹೂಳು ಕೆಳಗೆ ಕುಳಿತ ಮೇಲೆ ಮುಂದಕ್ಕೆ ಬಿಡುವುದು ಒಳ್ಳೆಯದು.

ಒಕ್ಕಣೆ ಮತ್ತು ಮರುಬಿತ್ತನೆ

ಜೂನ್-ಜುಲೈನಲ್ಲಿ ಬಿತ್ತಿದ ಗೊಂಚಲು ಶೇಂಗಾ ಅಕ್ಟೋಬರ್ ಹೊತ್ತಿಗೆ ಬಲಿಯುತ್ತದೆ. ಈ ಜಾತಿಯ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಮೇಲೆ ಮಳೆ ಹಿಡಿದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ. ನಾಲ್ಕಾರು ಕಡೆ ಗಿಡ ಕಿತ್ತು ಕಾಯಿ ಒಡೆದು ನೋಡಬೇಕು. ಸಿಪ್ಪೆಯ ಒಳಮೈ ಕಂದುಗಪ್ಪಾಗಿದ್ದರೆ ಕೀಳಲು ತಡಮಾಡಬಾರದು. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಸಾಲಾಗಿ ಹರಡಿ ಒಣಗಿಸಬೇಕು. ತೇವಾಂಶ ಶೇಕಡಾ 8ಕ್ಕೆ ಇಳಿಯುವ ಮೊದಲೇ ಚೀಲ ತುಂಬಿದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಬಿತ್ತನೆಗೆ ಇಡುವ ಬೀಜವನ್ನು ಸುಲಿಯದೆ ಕಾಯಿಯಲ್ಲೇ ಇಡಬೇಕು.

ಮುಂಗಾರು ಕೈಕೊಟ್ಟು ಬೀಳುಬಿದ್ದ ಕೆಂಪು ಹೊಲಗಳಿಗೆ ಹುರುಳಿಯಷ್ಟು ನಂಬಿಕೆಯ ಬೆಳೆ ಬೇರೊಂದಿಲ್ಲ. ಎಕರೆಗೆ 10ರಿಂದ 12 ಕೆ.ಜಿ. ಬೀಜವನ್ನು ರೈಜೋಬಿಯಂ ಜೀವಾಣುವಿನಿಂದ ಉಪಚರಿಸಿ, ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರದಲ್ಲಿ ಕೂರಿಗೆಯಿಂದ ಬಿತ್ತಬೇಕು. ಕಾಳು ಮನೆಗೆ, ಹೊಟ್ಟು ದನಕ್ಕೆ, ಬೇರಿನ ಗಂಟು ನೆಲಕ್ಕೆ ಎಂಬಂತೆ ಇದರಿಂದ ಮೂರು ಬಗೆಯ ಲಾಭವಿದೆ. ತಗ್ಗಿನ ಕಪ್ಪು ಹೊಲ ಇದ್ದವರು ಅಕ್ಟೋಬರ್ ಮೊದಲ ಪಕ್ಷದೊಳಗೆ ಮಾಲದಂಡಿ (ಎಂ. 35-1) ಜೋಳವನ್ನೋ ಕಡಲೆಯನ್ನೋ ಬಿತ್ತಿ ಮುಗಿಸಬೇಕು. ಜೋಳದ ಬಿತ್ತನೆ ತಡವಾದಷ್ಟೂ ಸುಳಿ ನೊಣದ ಕಾಟ ಹೆಚ್ಚು.

ಮೇವಿನ ಲೆಕ್ಕ

ಈ ಕಾಲದಲ್ಲಿ ಹೆಚ್ಚು ನಷ್ಟವಾಗುವುದು ಮೇವು. ಗುಡ್ಡ ಹಸಿರಾಗಿರುವಾಗ ಅದರ ಚಿಂತೆ ಯಾರಿಗೂ ಬರುವುದಿಲ್ಲ. ಒಂದು ಎತ್ತಿಗೆ ದಿನಕ್ಕೆ 6 ಕೆ.ಜಿ. ಒಣ ಮೇವು ಎಂದು ಹಿಡಿದರೂ, ಒಂದು ಜೋಡಿಗೆ ಡಿಸೆಂಬರ್‌ನಿಂದ ಮೇ ಕೊನೆಯವರೆಗಿನ 180 ದಿನಗಳಿಗೆ 2,160 ಕೆ.ಜಿ., ಅಂದರೆ ಸುಮಾರು 22 ಕ್ವಿಂಟಲ್ ಬೇಕು. ಇಷ್ಟು ಮೇವು ಬಣವೆಯಲ್ಲಿ ಇಲ್ಲದ ಮನೆಯವರು ಬೇಸಿಗೆಯಲ್ಲಿ ಬಂದ ಬೆಲೆಗೆ ದನ ಮಾರುತ್ತಾರೆ. ಮುಂಗಾರು ಬಂದಾಗ ಬಾಡಿಗೆ ಟ್ರ್ಯಾಕ್ಟರಿಗಾಗಿ ಕಾಯುತ್ತಾ ಬಿತ್ತನೆಯ ಹದ ಕಳೆದುಕೊಳ್ಳುತ್ತಾರೆ.

ಮೆಕ್ಕೆಜೋಳ ಹೆಚ್ಚಾದ ಮೇಲೆ ತೆನೆ ಮುರಿದು ಸೊಪ್ಪೆಯನ್ನು ಹೊಲದಲ್ಲೇ ಬಿಡುವುದು, ಕೆಲವು ಕಡೆ ಬೆಂಕಿ ಹಚ್ಚುವುದು ರೂಢಿಯಾಗಿದೆ. ಮೆಕ್ಕೆಜೋಳದ ಸೊಪ್ಪೆ ಜೋಳದ ಸೊಪ್ಪೆಯಷ್ಟು ರುಚಿಯಲ್ಲ ಎಂಬುದು ನಿಜ. ಇಡಿಯಾಗಿ ಹಾಕಿದರೆ ದನಗಳು ದಪ್ಪ ಕಾಂಡವನ್ನು ಬಿಟ್ಟುಬಿಡುತ್ತವೆ. ಚಿಕ್ಕದಾಗಿ ಕತ್ತರಿಸಿ ಯೂರಿಯಾ ಉಪಚಾರ ಮಾಡಿದರೆ ಈ ದೋಷ ಕಡಿಮೆಯಾಗುತ್ತದೆ. ಕ್ರಮ ಹೀಗಿದೆ: 100 ಕೆ.ಜಿ. ಒಣ ಸೊಪ್ಪೆಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಬೇಕು. ಸೊಪ್ಪೆಯನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಈ ನೀರನ್ನು ಸಮನಾಗಿ ಚಿಮುಕಿಸಿ ತುಳಿದು ಒತ್ತಬೇಕು. ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 21 ದಿನ ಬಿಡಬೇಕು. ತಿನ್ನಿಸುವ ಮೊದಲು ಅಂದಂದಿನ ಮೇವನ್ನು ಹೊರತೆಗೆದು ವಾಸನೆ ಹೋಗುವಂತೆ ಗಾಳಿಗೆ ಹರಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಬಾರದು. ಯೂರಿಯಾ ಕರಗಿಸಿದ ನೀರು ದನಗಳ ಬಾಯಿಗೆ ಸಿಕ್ಕರೆ ಪ್ರಾಣಾಪಾಯ.

ಅನುಮತಿ ಇರುವ ಕಡೆ ಗುಡ್ಡದ ಹುಲ್ಲನ್ನು ಹೂ ಬಿಡುವ ಹಂತದಲ್ಲೇ ಕೊಯ್ಯಬೇಕು. ಬೀಜ ಉದುರಿ ಕರಡವಾದ ಮೇಲೆ ಅದರಲ್ಲಿ ಸತ್ವ ಉಳಿಯುವುದಿಲ್ಲ, ಬೆಂಕಿಯ ಭಯವೂ ಹೆಚ್ಚು. ಸುಗ್ಗಿ ಮುಗಿದ ಹೊಲದಲ್ಲಿ ಕುರಿಗಾರರನ್ನು ಕರೆದು ಮಂದೆ ನಿಲ್ಲಿಸುವ ಹಳೆಯ ಪದ್ಧತಿ ಇಂದಿಗೂ ಅಗ್ಗದ ಗೊಬ್ಬರದ ದಾರಿ.

ಗುಡ್ಡದ ಸೀತಾಫಲ

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆದ ಸೀತಾಫಲ ಮಾಗುತ್ತದೆ. ಹೆಂಗಸರು ನಸುಕಿನಲ್ಲೇ ಬುಟ್ಟಿ ಹೊತ್ತು ಹೋಗಿ, ಬಿಸಿಲೇರುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಹಣ್ಣು ಜೋಡಿಸಿ ಕೂಡುತ್ತಾರೆ. ಕಣ್ಣುಗಳ ನಡುವಿನ ಸಂದು ಅಗಲವಾಗಿ ಕೆನೆಹಳದಿ ಬಣ್ಣಕ್ಕೆ ತಿರುಗಿದ ಕಾಯಿಯನ್ನು ಮಾತ್ರ ಕೀಳಬೇಕು. ಅದು ಕೆಲವೇ ದಿನಗಳಲ್ಲಿ ಹಣ್ಣಾಗುತ್ತದೆ. ಎಳೆಯ ಕಾಯಿ ಕಪ್ಪಾಗಿ ಕೆಡುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಮಾಗಿದ ಹಣ್ಣು ಬಹುಕಾಲ ಉಳಿಯದ ಕಾರಣ ಒಬ್ಬೊಬ್ಬರೇ ಮಾರುವವರು ಸಂಜೆಯ ಹೊತ್ತಿಗೆ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ನಾಲ್ಕಾರು ಮನೆಯವರು ಕೂಡಿ, ಗಾತ್ರ ನೋಡಿ ವಿಂಗಡಿಸಿ, ಕಾಯಿ ಗಟ್ಟಿಯಾಗಿರುವಾಗಲೇ ಹೊಸಪೇಟೆ, ಬಳ್ಳಾರಿಗೆ ಕಳಿಸಿದರೆ ಹೆಚ್ಚು ಹಣ ಕೈಸೇರುತ್ತದೆ. ಬೀಜದ ಪುಡಿ ಕಣ್ಣಿಗೆ ತೀವ್ರ ಅಪಾಯಕಾರಿ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಕರಡಿಗೂ ಈ ಹಣ್ಣು ಪ್ರಿಯ. ಆದ್ದರಿಂದ ಮಬ್ಬುಗತ್ತಲಲ್ಲಿ ಒಬ್ಬರೇ ಗುಡ್ಡ ಹತ್ತಬಾರದು.

ಹಬ್ಬ ಮತ್ತು ಗುಳೆ

ಹಬ್ಬಗಳೂ ಬೆಳೆಯ ಹಂತವನ್ನೇ ಅನುಸರಿಸಿವೆ. ದಸರೆಯಲ್ಲಿ ಬನ್ನಿ ಕೊಟ್ಟು ಹಳೆಯ ಮನಸ್ತಾಪ ಮರೆಯುತ್ತಾರೆ. ಮುಂದೆ ಕೊಯ್ಲಿಗೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗಬೇಕಲ್ಲವೆ! ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲುವಾಗ ಮನೆಮಂದಿಯೆಲ್ಲ ಬೆಳೆಯ ನಡುವೆ ಓಡಾಡುತ್ತಾರೆ. ಅದೇ ದಿನ ಒಳ್ಳೆಯ ತೆನೆಗಳನ್ನು ಗುರುತಿಸಿ ದಾರ ಕಟ್ಟಿದರೆ ಜೋಳ, ಸಜ್ಜೆಯ ನಾಟಿ ತಳಿಗಳಿಗೆ ಬೀಜದ ಆಯ್ಕೆ ಮುಗಿದಂತೆ. ದೀಪಾವಳಿಗೆ ತಾಂಡಾಗಳಲ್ಲಿ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಹೇಳಿ, ಮರುದಿನ ಅಡವಿಯಿಂದ ಹೂ ತರುತ್ತಾರೆ.

ಆ ಹೂ ಬಾಡುವ ಮೊದಲೇ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗುವ ಕುಟುಂಬಗಳೊಂದಿಗೆ ಮಕ್ಕಳೂ ಶಾಲೆ ಬಿಟ್ಟು ಹೊರಡುತ್ತಾರೆ. ಮುದುಕರು ಊರಲ್ಲಿ ಉಳಿಯುತ್ತಾರೆ. ಗಣಿ ಕೂಲಿ ಇದಕ್ಕೆ ಶಾಶ್ವತ ಪರಿಹಾರವಲ್ಲ ಎಂಬುದು 2011ರಲ್ಲಿ ಕಂಡುಬಂತು. ಆ ವರ್ಷ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ, ಗಣಿಯನ್ನೂ ಲಾರಿಯನ್ನೂ ನಂಬಿದ್ದ ಮನೆಗಳ ಆದಾಯ ಒಮ್ಮೆಲೇ ನಿಂತಿತು.

ಮೇವು, ಬೀಜ ಕೂಡಿಟ್ಟ ಮಾತ್ರಕ್ಕೆ ಗುಳೆ ನಿಂತುಬಿಡುತ್ತದೆ ಎನ್ನಲಾಗದು. ಸಾಲವಿದ್ದವರು ಹೋಗಲೇಬೇಕಾಗುತ್ತದೆ. ಆದರೆ ಬಣವೆಯಲ್ಲಿ ಮೇವು, ಕೊಟ್ಟಿಗೆಯಲ್ಲಿ ದನ ಇದ್ದರೆ ಮನೆಯ ಎಲ್ಲರೂ ಹೋಗಬೇಕಾಗಿಲ್ಲ. ತಾಯಿ ಮಕ್ಕಳು ಉಳಿಯಬಹುದು, ಮಕ್ಕಳು ಶಾಲೆಗೆ ಹೋಗಬಹುದು. ಗ್ರಾಮಸೇವಕರು ಮತ್ತು ವಿಸ್ತರಣಾ ಕಾರ್ಯಕರ್ತರು ಹಸ್ತ ಮಳೆಯ ಹೊತ್ತಿಗೇ ಪ್ರತಿ ಊರಿನಲ್ಲಿ ರೈತರನ್ನು ಕೂರಿಸಿಕೊಂಡು, ಮನೆಮನೆಯ ಮೇವಿನ ಲೆಕ್ಕ ಹಾಕುವುದು ಮೊದಲ ಕೆಲಸವಾಗಬೇಕು. ಬೇಸಿಗೆಯಲ್ಲಿ ಹಾಕಿದ ಲೆಕ್ಕದಿಂದ ಬಣವೆ ಬೆಳೆಯುವುದಿಲ್ಲ.